ಜುಬೇದಾ ಹೊಲಿದ ಜೇಬು

ಗೋಣಿಬೀಡಿನಲ್ಲಿ ಬಸ್ ಇಳಿದು ಪೇಟೆ ಕಡೆ ನಡೆದರೆ ಮೊದಲು ಮೂಗಿಗೆ ಸಿಗುವುದು ಬೇಕರಿಯ ಬನ್ನಿನ ವಾಸನೆ, ಆಮೇಲೆ ಗೊಬ್ಬರದಂಗಡಿಯದು, ಅದಾದ ಮೇಲೆ ಹೊಲಿಗೆ ಮೆಷಿನ್ನಿನ ಎಣ್ಣೆಯೂ ಹೊಸ ಬಟ್ಟೆಯ ಗಂಜಿಯೂ ಸೇರಿದ ಒಂದು ವಾಸನೆ. ಈ ಮೂರನೆಯದು ಶುರುವಾಗುವ ಮುಂಚೆಯೇ ನಾನು ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತೇನೆ. ಎರಡು ಮಳೆಗಾಲದಿಂದ ಇದು ನನ್ನ ವ್ರತ. ವ್ರತದ ಕಷ್ಟ ಅನುಭವಿಸುತ್ತಿರುವುದು ಮಾತ್ರ ನನ್ನ ತೋಳುಗಳು. ಈಗ ನನ್ನ ರವಿಕೆ ಹೊಲಿಯುವವರು ಮೂಡಿಗೆರೆಯ ಒಬ್ಬ ಸಜ್ಜನರು. ಅರವತ್ತು ದಾಟಿದ ಹೆಂಗಸಿಗೆ ಕೈ ಮೇಲೆತ್ತುವ ಸಂದರ್ಭವೇ ಬರುವುದಿಲ್ಲ ಎಂಬ ದೃಢವಾದ ನಂಬಿಕೆಯಿಂದ ಕತ್ತರಿ ಹಿಡಿಯುವವರು.

ಮೊನ್ನೆ ಆಚೆ ಬದಿಯಲ್ಲಿ ಚರಂಡಿ ಅಗೆದು ಹಾಕಿದ್ದರು. ಈಚೆ ಬದಿಯಲ್ಲೇ ನಡೆಯಬೇಕಾಯಿತು. ಉಸಿರು ಬಿಗಿಹಿಡಿದು ದಾಟಿಬಿಡೋಣ ಅಂದುಕೊಂಡೆ. ಆದರೆ ಈ ವಯಸ್ಸಿನಲ್ಲಿ ಉಸಿರು ಅಷ್ಟು ದೂರ ಬರುವುದಿಲ್ಲ. ಸರಿಯಾಗಿ ಆ ಅಂಗಡಿಯ ಮುಂದೆಯೇ ಉಸಿರೆಳೆದುಕೊಂಡೆ. ಎಣ್ಣೆ, ಗಂಜಿ, ಅವುಗಳ ಹಿಂದೆಯೇ ಈ ವ್ರತ ಹಿಡಿದ ವರ್ಷದ ಮಳೆಗಾಲ ಪೂರ್ತಿ ಒಳಗೆ ಬಂತು.

ಆ ವರ್ಷ ಹಲಸು ಮಿತಿಮೀರಿ ಬಿಟ್ಟಿತ್ತು. ಜಾವಳಿ ಹತ್ತಿರ ನನ್ನದೊಂದು ಸಣ್ಣ ಕಾಫಿ ತೋಟ, ಅದರೊಳಗೆ ನಾನೇ ನಿಂತು ಕಟ್ಟಿಸಿಕೊಂಡ ಪುಟ್ಟ ಮನೆ. ಮದುವೆಯಾಗಿಲ್ಲ, ಒಬ್ಬಳೇ ಇದ್ದೇನೆ. ಮೊದಲೆಲ್ಲ ಊರಿನವರು ಇದನ್ನು ಒಂದು ಕಾಯಿಲೆಯ ಹಾಗೆ ವಿಚಾರಿಸಿಕೊಳ್ಳುತ್ತಿದ್ದರು. ಕಾಯಿಲೆ ಹಳೆಯದಾದ ಮೇಲೆ ಬಿಟ್ಟಿದ್ದಾರೆ. ಜುಲೈ ತಿಂಗಳ ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಅಂಗಳದಲ್ಲಿ ಹೆಣ್ಣಾನೆಯೊಂದು ಹಲಸಿನ ಹಣ್ಣು ತಿನ್ನುತ್ತ ನಿಂತಿತ್ತು. ಅದು ನನ್ನನ್ನು ನೋಡಿತು, ನಾನು ಅದನ್ನು ನೋಡಿದೆ. ಇಬ್ಬರಿಗೂ ಮಾತಾಡುವ ಮನಸ್ಸಿರಲಿಲ್ಲ. ನಾನು ಬಾಗಿಲು ಹಾಕಿಕೊಂಡು ಕಾಫಿ ಕಾಸಿದೆ. ಮತ್ತೆ ತೆಗೆಯುವಷ್ಟರಲ್ಲಿ ಅದು ತನ್ನ ಪಾಡಿಗೆ ಹೋಗಿತ್ತು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನಮ್ಮ ಕಡೆ ಆನೆಗಳ ಸುದ್ದಿಗೆಂದೇ ಒಂದು ವಾಟ್ಸಾಪ್ ಗ್ರೂಪು ಇದೆ. ಬೆಳಗಾದರೆ ಅದರಲ್ಲಿ ಪಂಚಾಂಗ ಶ್ರವಣ: 'ಹೆಣ್ಣಾನೆ ಒಂದು, ಜಾವಳಿ ರಸ್ತೆ ದಾಟಿ ಕೆಳಗಿನ ತೋಟದ ಕಡೆ ಚಲನೆ. ಶಾಂತವಾಗಿದೆ. ಕೆಲಸಕ್ಕೆ ಹೋಗುವವರು ಜಾಗ್ರತೆ.' ನನ್ನ ತೋಟದ ಆಳುಗಳನ್ನು ನೋಡಿಕೊಳ್ಳುವ ಮೇಸ್ತ್ರಿ ಕರ್ತವ್ಯನಿಷ್ಠೆಯಿಂದ ಸುದ್ದಿ ಹಾಕಿದ. ಚಿಕ್ಕಮಗಳೂರಿನಲ್ಲಿ ಕೂತ ನನ್ನ ತಮ್ಮ ರಂಗನಾಥ ಅದನ್ನು ಓದಿದ. ಮಧ್ಯಾಹ್ನಕ್ಕೆ ಅವನ ಜೀಪು ಬಂತು.

"ಅಕ್ಕ, ಸಾಕು. ಇನ್ನು ಇಲ್ಲಿರೋದು ಬೇಡ. ನಮ್ಮನೆ ಮಹಡಿ ರೂಮು ಖಾಲಿ ಇದೆ. ಬಾತ್‌ರೂಮ್ ಅಟ್ಯಾಚ್ಡ್."

"ಆನೆ ಬಂದಿದ್ದು ಹಲಸಿನ ಹಣ್ಣಿಗೆ ಕಣೋ, ನನ್ನನ್ನ ಹುಡುಕ್ಕೊಂಡಲ್ಲ."

"ಇವತ್ತು ಹಣ್ಣಿಗೆ. ನಾಳೆ?"

"ನಾಳೆ ಹಣ್ಣು ಮುಗಿದಿರುತ್ತೆ."

"ತಮಾಷೆ ಸಾಕು. ಒಬ್ಬಳೇ ಇರ್ತೀನಿ, ಒಬ್ಬಳೇ ಇರ್ತೀನಿ ಅಂತೀಯ. ಒಂದೂರಿಂದ ಇನ್ನೊಂದೂರಿಗೆ ಒಬ್ಬಳೇ ಹೋಗಿದ್ದೀಯಾ ಇಲ್ಲಿವರೆಗೆ? ಮಂಗಳೂರಿಗೆ ಕಣ್ಣು ತೋರಿಸೋಕೆ ಹೋಗಬೇಕಾದ್ರೂ ಜೊತೆಗೆ ನಾನೇ ಬರಬೇಕು."

ಇದು ನಿಜವಾಗಿತ್ತು. ನಿಜವಾದ್ದರಿಂದ ಮೈ ಉರಿಯಿತು. ನಮ್ಮ ಮನೆತನದಲ್ಲಿ ಉರಿ ಬಂದಾಗ ಗಂಡಸರು ಕೋರ್ಟಿಗೆ ಹೋಗುತ್ತಾರೆ. ನಾನು ಸೈಗಾನಿಗೆ ಹೋಗುತ್ತೇನೆ ಅಂದುಬಿಟ್ಟೆ.

ಯಾಕೆ ಆ ಊರೇ ಎಂದರೆ, ರೊಬಸ್ಟಾ ಕಾಫಿ ಬೆಳೆಯುವ ನಮ್ಮಂಥವರು ಬೆಲೆ ಬಿದ್ದಾಗಲೆಲ್ಲ ಶಪಿಸುವುದು ವಿಯಟ್ನಾಮನ್ನು. ಮೂವತ್ತು ವರ್ಷ ಶಪಿಸಿದ ದೇಶವನ್ನು ಒಮ್ಮೆ ಕಣ್ಣಾರೆ ನೋಡಿ ಶಪಿಸುವುದು ನ್ಯಾಯ. ಅಲ್ಲಿನ ದೊಡ್ಡ ಪಟ್ಟಣ ಸೈಗಾನ್. ಹೆಸರು ಬದಲಾಗಿ ಎಷ್ಟೋ ಕಾಲವಾಯಿತಂತೆ. ನನ್ನ ನಾಲಿಗೆಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಮೇಸ್ತ್ರಿ ಮತ್ತು ನಾಯಿಯ ಸಮಕ್ಷಮದಲ್ಲಿ ಒಪ್ಪಂದವಾಯಿತು. ಒಂದು ವಾರ, ಯಾರ ಸಹಾಯವೂ ಇಲ್ಲದೆ ನಾನು ಆ ಊರಿಗೆ ಹೋಗಿ, ಇದ್ದು, ಬರಬೇಕು. ಬಂದರೆ ಮಹಡಿ ರೂಮಿನ ಮಾತನ್ನು ರಂಗ ಬದುಕಿರುವ ತನಕ ಎತ್ತಬಾರದು. ನಡುವೆ ಅಳುತ್ತ ಫೋನ್ ಮಾಡಿದರೆ ಆ ರೂಮಿಗೆ ನಾನೇ ನನ್ನ ಟ್ರಂಕು ಹೊತ್ತುಕೊಂಡು ಬರುತ್ತೇನೆ. ರಂಗ ಸ್ವಲ್ಪ ಯೋಚಿಸಿ, "ಆಯ್ತು, ಹೋಗ್ಬಾ" ಅಂದ. ಹುಟ್ಟಿದಾಗಿನಿಂದ ಯಾವುದಕ್ಕೂ ಮೊದಲ ಸಲಕ್ಕೇ ಒಪ್ಪದವನು ಅಷ್ಟು ಸುಲಭಕ್ಕೆ ಒಪ್ಪಿದ್ದು ನನಗೆ ಅನುಮಾನ ಹುಟ್ಟಿಸಬೇಕಿತ್ತು. ಹುಟ್ಟಿಸಲಿಲ್ಲ. ನಾನಾಗಲೇ ಮನಸ್ಸಿನಲ್ಲಿ ವಿಮಾನ ಹತ್ತಿದ್ದೆ.

ಸುದ್ದಿ ಹರಡಿದ ಮೇಲೆ ಊರು ನನ್ನ ರಕ್ಷಣೆಯ ಭಾರ ಹೊತ್ತಿತು. ಬೇಕರಿಯವರು ಸೊಂಟದಲ್ಲಿ ಖಾರದಪುಡಿ ಇಟ್ಟುಕೊಳ್ಳಿ ಅಂದರು. ಗೊಬ್ಬರದಂಗಡಿಯವರು ಆ ಕಡೆ ಹಾವಿನ ಸಾರು ಮಾಡುತ್ತಾರೆ, ಕೇಳಿ ತಿನ್ನಿ ಅಂದರು. ದೇವರಮನೆ ಗುಡ್ಡದ ದೇವಸ್ಥಾನದಲ್ಲಿ ಒಂದು ಹಣ್ಣುಕಾಯಿ ಮಾಡಿಸಿ ಬಿಡಿ, ಆಮೇಲೆ ಯಾವ ಊರಾದರೇನು ಅಂದರು ಬಸ್ಸಿನಲ್ಲಿ ಸಿಕ್ಕ ಒಬ್ಬರು. ಈ ಸಲಹೆಗಳಲ್ಲಿ ಯಾವುದನ್ನೂ ಕೊಟ್ಟವರು ತಾವು ಪ್ರಯೋಗಿಸಿ ನೋಡಿದ್ದಂತೆ ಕಾಣಲಿಲ್ಲ.

ನಿಜವಾಗಿ ನನ್ನನ್ನು ತಯಾರು ಮಾಡಿದ್ದು ಜುಬೇದಾ. ಗೋಣಿಬೀಡಿನ ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚು. ಅವಳ ಗಂಡ ಮೂಡಿಗೆರೆಯಲ್ಲಿ ಜೀಪು ರಿಪೇರಿ ಮಾಡುತ್ತಿದ್ದರು. ಇವಳು ಇಲ್ಲಿ ಟೈಲರಿಂಗ್ ಅಂಗಡಿ ಇಟ್ಟು ನಮ್ಮ ಹೋಬಳಿಯ ಅರ್ಧ ಹೆಂಗಸರ ಅಳತೆಗಳನ್ನು ತಲೆಯಲ್ಲಿಟ್ಟುಕೊಂಡವಳು. ಗಿರಾಕಿಗಳಿದ್ದರೆ ನನ್ನನ್ನು 'ಅಮ್ಮಾವ್ರೇ' ಅನ್ನುತ್ತಾಳೆ, ಅವರು ಮೆಟ್ಟಿಲಿಳಿದ ಕೂಡಲೇ 'ಕಮಲಿ'. ಉಮ್ರಾ ಯಾತ್ರೆಗೆ ಹೋಗಿ, ಆ ನೂಕುನುಗ್ಗಲಿನಲ್ಲಿ ಪಾಸ್‌ಪೋರ್ಟನ್ನೂ ತನ್ನನ್ನೂ ಕಳೆದುಕೊಳ್ಳದೆ ವಾಪಸ್ ಬಂದಿದ್ದಳು. ಹಾಗಾಗಿ ಪರದೇಶದ ವಿಷಯದಲ್ಲಿ ಅವಳ ಮಾತು ನನಗೆ ವೇದವಾಕ್ಯ.

ಅವಳು ಅಂಗಡಿಯಲ್ಲೇ ಪರೀಕ್ಷೆ ಇಟ್ಟಳು. ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡು, ದನಿ ಬದಲಿಸಿ, ಗುರುತಿಲ್ಲದ ಗಂಡಸಾದಳು.

"ಎಲ್ಲಿಂದ ಬಂದ್ರಿ ಮೇಡಂ?"

"ಜಾವಳಿ. ನಾರಾಯಣಗೌಡ್ರ ಮಗಳು. ಒಬ್ಬಳೇ ಬಂದಿದ್ದೀನಿ. ಮಾರ್ಕೆಟ್ ಹಿಂದಿನ ಹೋಟೆಲ್ಲು, ಮೂರನೇ ಮಹಡಿ."

ಟೇಪಿನಿಂದ ಭುಜಕ್ಕೆ ಒಂದು ಬಿತ್ತು. "ಸತ್ತೆ ನೀನು. ರೂಮ್ ನಂಬರ್ ಒಂದು ಬಾಕಿ ಇಟ್ಟಿದ್ದೀಯಲ್ಲ ಮಾರಾಯ್ತಿ, ಅದನ್ನೂ ಹೇಳ್ಬಿಡು."

ನನ್ನ ತಪ್ಪಲ್ಲ. ನಮ್ಮ ಕಡೆ ಹೆಂಗಸು ಒಬ್ಬಳೇ ಹೊರಟರೆ ಅವಳ ಕಾವಲು ಅಂದರೆ ಹೇಳುವುದೇ. ಕಂಡಕ್ಟರಿಗೆ ಎಲ್ಲಿ ಇಳಿಯುತ್ತೇನೆ ಎಂದು ಹೇಳಬೇಕು, ಅಂಗಡಿಯವರಿಗೆ ಯಾರ ಮನೆಯವಳು ಎಂದು ಹೇಳಬೇಕು, ಎದುರು ಸಿಕ್ಕವರಿಗೆ ಯಾರ ಮನೆಗೆ ಹೊರಟೆ ಎಂದು ಹೇಳಬೇಕು. ಹತ್ತು ಜನರಿಗೆ ಗೊತ್ತಿದ್ದರೆ ಹತ್ತು ಜನ ಕಾಯುತ್ತಾರೆ ಎಂಬ ಲೆಕ್ಕ. ಅಷ್ಟಾದ ಮೇಲೂ ನನ್ನಪ್ಪ ಸಂಜೆ ಬಸ್ಸಿಗೆ ಬರುವ ಹೆಂಗಸರ ಹಿಂದೆ, ಅವರಿಗೆ ಕಾಣದ ಹಾಗೆ, ದೂರದಿಂದ ಒಬ್ಬ ಆಳನ್ನು ಕಳಿಸುತ್ತಿದ್ದರು. ಅದಕ್ಕೆ ಹಿಂದಾಳು ಅನ್ನುತ್ತಿದ್ದೆವು. ಹೇಳುವುದೇ ಕಾವಲು ಎಂದು ಕಲಿತ ಬಾಯಿಗೆ, ಹೇಳದಿರುವುದೇ ಕಾವಲು ಎಂದು ಕಲಿಸಲು ಜುಬೇದಾಗೆ ಒಂದು ವಾರ ಹಿಡಿಯಿತು.

ಫೋನನ್ನು ರಸ್ತೆ ಕಡೆಯ ಕೈಯಲ್ಲಿ ಹಿಡಿಯಬಾರದು, ಬೈಕಿನವರು ಕಿತ್ತುಕೊಂಡು ಹೋಗುತ್ತಾರೆ. ಬ್ಯಾಗು ಅಡ್ಡಕ್ಕೆ, ಗೋಡೆ ಬದಿಗೆ. ಹೋಟೆಲಿನ ವಿಳಾಸ ಅವರ ಭಾಷೆಯಲ್ಲೇ ಬರೆಸಿಟ್ಟುಕೊಳ್ಳಬೇಕು. ದಾರಿ ತಪ್ಪಿದರೆ ತಪ್ಪಿದ ಮುಖ ಮಾಡಬಾರದು. ಅಂಗಡಿಯೊಂದಕ್ಕೆ ಹೊಕ್ಕು, ಹೆಂಗಸರಿದ್ದಾರಾ ನೋಡಿ, ಅವರನ್ನು ಕೇಳಬೇಕು. "ಆಮೇಲೆ, ಫೋನಲ್ಲಿ ಗುರುತಿಲ್ಲದ ಮೆಸೇಜ್ ಏನೇ ಬರಲಿ, ಓದ್ಬೇಡ. ಅಳಿಸ್ಬಿಡು. ಎಲ್ಲ ಕಳ್ಳರದ್ದು." ಈ ಕೊನೆಯದನ್ನು ಅವಳು ಎರಡು ಸಲ ಹೇಳಿದಳು.

ಕೊನೆಗೆ ನನ್ನ ಕೊರಳಿಗೆ ಒಂದು ನಕಲಿ ಕರಿಮಣಿ ಸರ ಹಾಕಿದಳು. "ಗಂಡ ಹೋಟೆಲಲ್ಲಿ ಮಲಗಿದ್ದಾನೆ ಅನ್ನು. ಸರ ನೋಡಿದ್ರೆ ಯಾರೂ ತಂಟೆಗೆ ಬರಲ್ಲ." ಅರವತ್ತನೇ ವಯಸ್ಸಿನಲ್ಲಿ ನನಗೆ ಹೀಗೆ ಗಂಡ ದೊರೆತ. ಒಳ್ಳೆಯ ಮನುಷ್ಯ, ಸದಾ ನಿದ್ದೆ. ಆ ಊರಿನಲ್ಲಿ ಕರಿಮಣಿಯ ಅರ್ಥ ಯಾರಿಗೂ ಗೊತ್ತಿರುವುದಿಲ್ಲ ಎಂಬುದು ಗೋಣಿಬೀಡಿನ ಇಬ್ಬರು ಬುದ್ಧಿವಂತರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಅಲ್ಲಿ ಹೋಟೆಲಿನ ಹುಡುಗಿ ಸರ ಚೆನ್ನಾಗಿದೆ, ಎಲ್ಲಿ ಸಿಗುತ್ತೆ ಎಂದು ಕೇಳಿದಳು, ಅಷ್ಟೇ.

ಮತ್ತು ಜೇಬು. ಪಾಸ್‌ಪೋರ್ಟಿಗೆಂದು ಒಳಲಂಗದ ಸೊಂಟದ ಬಳಿ ಒಳಮುಖವಾಗಿ ಜುಬೇದಾ ಒಂದು ಜೇಬು ಹೊಲಿದಳು. ಎರಡು ಪದರ, ಮೇಲೊಂದು ಜಿಪ್ಪು. ಬೆರಳಾಡಿಸಿದರೂ ಹೊಲಿಗೆ ಸಿಗದಷ್ಟು ನಯ. "ಯಾರು ಕಿತ್ಕೊಂಡ್ರೂ ಇದನ್ನ ಕಿತ್ಕೊಳ್ಳೋಕಾಗಲ್ಲ. ಇದನ್ನೇ ಉಟ್ಕೊ, ದಿನಾ. ಮರೀಬೇಡ" ಎಂದು ನನ್ನ ಕೈ ಹಿಡಿದಳು. ಅವಳ ಕಣ್ಣಲ್ಲಿ ನೀರಿತ್ತು. ನನಗಾಗಿ ಅಂದುಕೊಂಡೆ. ನನಗಾಗಿಯೇ ಇದ್ದಿರಬಹುದು. ಅದೇ ತೊಂದರೆ.

ವಿಮಾನ ನಿಲ್ದಾಣದಲ್ಲಿ ಪೊಲೀಸ್ ಹೆಣ್ಣುಮಗಳ ಕೈಯಲ್ಲಿದ್ದ ಕೋಲು ನನ್ನ ಸೊಂಟದ ಹತ್ತಿರ ಕುಂಯ್ ಅಂದಿತು. ಪಿನ್ನು ಅಂದೆ. ಹೌದೆಂದು ಬಿಟ್ಟಳು.

ಸೈಗಾನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಯಾಕೆಂದರೆ ಆ ವಾರದಲ್ಲಿ ಯಾವುದು ನನ್ನದು, ಯಾವುದು ಅಲ್ಲ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಅಲ್ಲಿ ಮಳೆ ಮಧ್ಯಾಹ್ನ ಬಂದು, ರಭಸವಾಗಿ ಸುರಿದು, ಗುಮಾಸ್ತನ ಹಾಗೆ ಹೊತ್ತಿಗೆ ಸರಿಯಾಗಿ ಹೊರಟುಹೋಗುತ್ತದೆ. ನಮ್ಮ ಮಳೆಯ ಹಾಗೆ ನೆಂಟರಂತೆ ಬಂದು ಕೂರುವುದಿಲ್ಲ. ಕಾಫಿಯನ್ನು ಲೋಟದ ಮೇಲೆ ಕೂರಿಸಿದ ಪುಟ್ಟ ತಗಡಿನ ಫಿಲ್ಟರಿನಿಂದ ಗಟ್ಟಿ ಸಿಹಿ ಹಾಲಿನ ಮೇಲೆ ಇಳಿಸಿ, ಮಂಜುಗಡ್ಡೆ ಹಾಕಿ ಕೊಡುತ್ತಾರೆ. ನಮ್ಮನ್ನು ಸೋಲಿಸಿದ್ದು ಇದೇನಾ ಎಂದು ಅವಮಾನವಾಯಿತು. ಎರಡನೇ ಲೋಟ ಕೇಳಿದ ಮೇಲೆ ಇನ್ನೂ ಹೆಚ್ಚು ಅವಮಾನವಾಯಿತು.

ಮೊದಲ ಬೆಳಿಗ್ಗೆ ಮಾರ್ಕೆಟ್ ಮುಂದಿನ ರಸ್ತೆ ದಾಟಲು ನಿಂತೆ. ಬೈಕುಗಳ ಹೊಳೆ. ಒಂದೊಂದರ ಮೇಲೆ ಒಂದೊಂದು ಸಂಸಾರ, ಮಂಚ, ಬಾತುಕೋಳಿಯ ಪಂಜರ. ನಿಲ್ಲುವುದೆಂಬುದೇ ಇಲ್ಲ. ನಾನು ನಿಂತೆ, ನಿಂತೆ, ಕಾಲು ಬೇರುಬಿಡುವಷ್ಟು ನಿಂತೆ. ಕಣ್ಣು ತುಂಬಿ ಬಂತು. ಮಹಡಿ ರೂಮು ಎದುರಿನ ದಡದಲ್ಲಿ ಬಾಗಿಲು ತೆರೆದು ನಿಂತ ಹಾಗೆ ಕಂಡಿತು. ಆಗ ಸ್ಕೂಟರಿನಲ್ಲಿ ಬಂದ ಒಬ್ಬಳು ಹುಡುಗಿ ಪಕ್ಕದಲ್ಲಿ ಗಾಡಿ ನಿಲ್ಲಿಸಿ, ಹರಕು ಇಂಗ್ಲಿಷಿನಲ್ಲಿ ಹೇಳಿದಳು: ಓಡಬೇಡಿ, ನಿಲ್ಲಬೇಡಿ, ನಿಧಾನಕ್ಕೆ ನಡೆಯಿರಿ, ಅವರೇ ಸುತ್ತಿಕೊಂಡು ಹೋಗುತ್ತಾರೆ. ನನ್ನ ಪಕ್ಕ ನಡೆದು ದಾಟಿಸಿದಳು. ಅವಳ ಹೆಸರು ಲಿನ್.

ಆಮೇಲೆ ಓಣಿಗಳಲ್ಲಿ ದಾರಿ ತಪ್ಪಿ, ಜುಬೇದಾ ಹೇಳಿದಂತೆ ತಪ್ಪದ ಮುಖ ಮಾಡಿಕೊಂಡು ಅದೇ ದಿನಸಿ ಅಂಗಡಿಯನ್ನು ಮತ್ತೆ ಮತ್ತೆ ಪ್ರದಕ್ಷಿಣೆ ಹಾಕುತ್ತಿದ್ದಾಗ ಲಿನ್ ಸಿಕ್ಕಳು. ಎಂಥ ಆಕಸ್ಮಿಕ ಅಂದುಕೊಂಡೆ. ಇನ್ನೊಂದು ದಿನ ಮಳೆ ಹೊಡೆದು, ಸೀರೆ ಸಮೇತ ಮಂಡಿವರೆಗೆ ನೀರಿನಲ್ಲಿ ನಿಂತಿದ್ದಾಗಲೂ ಸಿಕ್ಕಳು. ಅಷ್ಟು ಜನರ ಊರಿನಲ್ಲಿ ಮೂರು ಸಲ. ಆ ಸಂಜೆ ನಾನು ಅವಳಿಗೆ ಕಾಫಿ ಕುಡಿಸಿದೆ, ನಮ್ಮ ತೋಟದ ಮೆಣಸಿನ ಪೊಟ್ಟಣ ಕೊಟ್ಟೆ. ಮನಸ್ಸು ತುಂಬಿತ್ತು. ನನ್ನ ಆಯುಷ್ಯದಲ್ಲಿ ಅಪ್ಪನ ಹೆಸರು, ತಮ್ಮನ ಹೆಸರು, ಮನೆತನ ಯಾವುದೂ ಗೊತ್ತಿಲ್ಲದೆ ನನ್ನನ್ನು ಇಷ್ಟಪಟ್ಟ ಮೊದಲ ಜೀವ ಇವಳು ಎನಿಸಿತು. ಹಾಗಾಗಿ ಯಾರಿಗೂ ಹೇಳದ ಮಾತೊಂದನ್ನು ನನ್ನ ಹರಕು ಇಂಗ್ಲಿಷಿನಲ್ಲಿ ಅವಳಿಗೆ ಹೇಳಿದೆ: ನನ್ನ ತಮ್ಮ ಒಳ್ಳೆಯವನು, ಆದರೆ ಅವನ ಮಹಡಿ ರೂಮು ನೆನೆದರೆ ನನಗೆ ಬೋನು ಕಂಡ ಹಾಗಾಗುತ್ತದೆ, ಆನೆಗೆ ಹೆದರದವಳು ಆ ಕಿಟಕಿಗೆ ಹೆದರುತ್ತೇನೆ. ಅವಳು ನನ್ನ ಕೈ ಸವರಿದಳು.

ಮಳೆಯಲ್ಲಿ ಒಳಲಂಗ ಜೇಬಿನ ಸಮೇತ ನೆನೆದಿತ್ತು. ಹೋಟೆಲಿನ ಕಿಟಕಿಗೆ ನೇತುಹಾಕಿದೆ.

ನಡುವೆ ನನ್ನ ಫೋನಿನಲ್ಲಿ ಇಂಗ್ಲಿಷಿನಲ್ಲಿ ಒಂದು ಮೆಸೇಜು ಬರುತ್ತಿತ್ತು, ಯಾವುದೋ ವಸ್ತು ನಿಮ್ಮ ಜೊತೆಗೇ ಸಂಚರಿಸುತ್ತಿದೆ ಎಂದೇನೋ. ಕಳ್ಳರದ್ದು ಎಂದು ಅಳಿಸಿದೆ. ಆ ಪ್ರವಾಸದಲ್ಲಿ ನನಗೆ ನಿಜ ಹೇಳಿದ್ದು ಆ ಫೋನು ಒಂದೇ.

ಗೆದ್ದು ಬಂದೆ. ಬಂದ ದಿನವೇ ಜುಬೇದಾ ಫೋನ್ ಮಾಡಿ, ಹೇಗಾಯ್ತು ಏನಾಯ್ತು ಎಂದು ಕೇಳುವ ಮೊದಲೇ, "ಆ ಲಂಗ ಕೊಟ್ಕಳ್ಸು ಕಮಲಿ, ಜೇಬು ಬಿಚ್ಚಿ ಕೊಡ್ತೀನಿ, ಇನ್ಯಾಕೆ ಅದು" ಅಂದಳು. ಎಂಥ ಅಕ್ಕರೆ ಎಂದುಕೊಂಡೆ. ಕೊಡಲಿಲ್ಲ. ವಿಜಯದ ಗುರುತು, ಹಾಗೇ ಇರಲಿ ಎಂದು ಅದನ್ನೇ ಉಟ್ಟು ಚಿಕ್ಕಮಗಳೂರಿಗೆ, ರಂಗನ ಮನೆಯ ಊಟಕ್ಕೆ ಹೋದೆ.

ಊಟಕ್ಕೆ ಕೂತು ಕಥೆ ಶುರುಮಾಡಿದೆ. ಕಥೆ ಎಂದ ಮೇಲೆ ಸ್ವಲ್ಪ ಒಪ್ಪ ಇರಬೇಕು. "ರಸ್ತೆ ದಾಟೋದೇನು ಮಹಾ. ಒಂದು ಸಲ ನೋಡಿದೆ, ನಡೆದೇಬಿಟ್ಟೆ" ಅಂದೆ. ರಂಗ ಸಾರು ಕಲಸುತ್ತಿದ್ದವನು ತಲೆ ತಗ್ಗಿಸಿ ನಕ್ಕ. ಅದು ಮೆಚ್ಚಿದ ನಗೆಯಲ್ಲ, ಗೊತ್ತಿದ್ದವನ ನಗೆ. ನನ್ನ ಮಾತು ಒಂದು ಕ್ಷಣ ಎಡವಿತು. ಅವನ ಹೆಂಡತಿ ಸರೋಜ ಪಾಪದ ಹೆಂಗಸು. ಎಡವಿದ್ದನ್ನು ಸರಿಮಾಡಲೆಂದು ಹಪ್ಪಳ ಬಡಿಸುತ್ತ ಹೇಳಿದಳು: "ಮಹಡಿ ರೂಮಿನ ಕಿಟಕಿ ದೊಡ್ಡದು ಮಾಡಿಸ್ತಾ ಇದ್ದೀವಿ ಅಕ್ಕ. ನೀವು ಬರ್ತೀರೋ ಬಿಡ್ತೀರೋ, ಬೋನು ಅನ್ನಿಸ್ಬಾರ್ದು ನೋಡಿ."

ಬೋನು ಎಂಬ ಮಾತನ್ನು ನಾನು ಈ ಭೂಮಿಯ ಮೇಲೆ ಒಬ್ಬಳಿಗೆ ಮಾತ್ರ ಹೇಳಿದ್ದೆ.

ಕೈ ತೊಳೆಯುತ್ತೇನೆಂದು ಎದ್ದು ಹೋಗಿ ಬಚ್ಚಲಿನಲ್ಲಿ ನಿಂತು ಜೇಬನ್ನು ಹೆಬ್ಬೆರಳಿನಿಂದ ತಡಕಿದೆ. ಎರಡು ಪದರದ ನಡುವೆ, ಮೂಲೆಯಲ್ಲಿ, ನಾಣ್ಯದಂಥ ಒಂದು ಬಿಲ್ಲೆ. ರಂಗ ತನ್ನ ಜೀಪಿನ ಕೀಗೂ ಸೂಟ್‌ಕೇಸಿಗೂ ಹಾಕಿಕೊಂಡಿದ್ದನಲ್ಲ, ಕಳೆದರೆ ಎಲ್ಲಿದೆ ಎಂದು ಫೋನಿನಲ್ಲಿ ತೋರಿಸುವಂಥದ್ದು, ಅದೇ. ಅದರ ಸುತ್ತ ಜುಬೇದಾಳ ಹೊಲಿಗೆ. ಅಷ್ಟು ನಯವಾದ ಹೊಲಿಗೆಯನ್ನು ನನಗಾಗಿ ಅವಳು ಹ್ಯಾಂಡ್‌ಲೂಮ್ ರೇಷ್ಮೆ ರವಿಕೆಗೂ ಹಾಕಿರಲಿಲ್ಲ.

ರಂಗನ ಮೇಲೆ ನನಗೆ ಅಷ್ಟು ಸಿಟ್ಟು ಬರಲಿಲ್ಲ. ತಮ್ಮಂದಿರು ಮೋಸ ಮಾಡುವುದು ಸೃಷ್ಟಿನಿಯಮ. ಚೌಕಾಬಾರದಲ್ಲೇ ಅವನು ಕವಡೆ ತಿರುಗಿಸುತ್ತಿದ್ದ. ನಾನು ವಾಪಸ್ ಬಂದು ಪಾಯಸ ಉಂಡು ಎದ್ದೆ. ಮಾರನೇ ದಿನ ಗೋಣಿಬೀಡಿಗೆ ಹೋಗಿ, ಜುಬೇದಾಳ ಮೆಷಿನ್ನಿನ ಮೇಲೆ ಆ ಬಿಲ್ಲೆ ಇಟ್ಟೆ.

ಅವಳು ಅದನ್ನು ನೋಡಿದಳು, ಕಾಲು ಪೆಡಲಿನಿಂದ ತೆಗೆದಳು.

"ರಂಗಣ್ಣ ಬಂದು ಕೂತ್ಕೊಂಡಿದ್ರು ಕಮಲಿ. ಅಳೋ ಹಾಗಾಗಿದ್ರು. ಏನಾದ್ರೂ ಆದ್ರೆ ಅಂದ್ರು. ನಾನೇನು ಮಾಡ್ಲಿ?"

"ಆ ಹುಡುಗಿ?"

"ರಂಗಣ್ಣ ಮೆಣಸಿನ ವ್ಯಾಪಾರ ಮಾಡ್ತಾರಲ್ಲ, ಆ ಊರಲ್ಲಿ ಅವರ ಕಡೆಯವರ ಆಫೀಸಿನವಳಂತೆ. ಈ ಬಿಲ್ಲೆ ತೋರಿಸಿದ ಕಡೆ ಅವಳನ್ನ ಕಳಿಸ್ತಿದ್ರು. ಒಂದು ಗ್ರೂಪ್ ಮಾಡಿದ್ರು. ರಂಗಣ್ಣ, ಸರೋಜಮ್ಮ, ನಿಮ್ಮ ಮೇಸ್ತ್ರಿ, ನಾನು. ಬೆಳಿಗ್ಗೆ ಸಂಜೆ ಸುದ್ದಿ ಹಾಕೋರು."

"ಏನಂತ?"

ಅವಳು ಹೇಳಲು ಹಿಂಜರಿದಳು. ಫೋನ್ ಕೊಡು ಅಂದೆ. ಮೇಸ್ತ್ರಿಗೆ ಸುದ್ದಿ ಬರೆಯುವ ಶೈಲಿ ಒಂದೇ ಗೊತ್ತು. ಅದೇ ಶೈಲಿಯನ್ನು ಎಲ್ಲರೂ ಹಿಡಿದಿದ್ದರು. 'ಬೆಳಿಗ್ಗೆ ಮಾರ್ಕೆಟ್ ಕಡೆ ಚಲನೆ. ಬಹಳ ಹೊತ್ತು ಒಂದೇ ಕಡೆ ನಿಂತಿದ್ದಾರೆ. ಲಿನ್ ಹೋಗಿದ್ದಾಳೆ. ರಸ್ತೆ ದಾಟಿದರು. ಈಗ ಶಾಂತ. ಯಾರೂ ಗಾಬರಿಯಾಗಬೇಡಿ.' ಕೆಳಗೆ ಸರೋಜಳ ಎರಡು ಕೈ ಮುಗಿದ ಗೊಂಬೆ. ಅದರ ಕೆಳಗೆ ಜುಬೇದಾ: 'ಪಾಪ, ಅತ್ತಿರಬೇಕು.'

"ಅತ್ತಿರಬೇಕು ಅಂತ ನಿನಗೆ ಗೊತ್ತಿತ್ತು," ಅಂದೆ.

"ನಿನ್ನನ್ನ ನಾನು ಒಂದನೇ ಕ್ಲಾಸಿಂದ ನೋಡಿದ್ದೀನಿ."

"ಅದಕ್ಕೇ ಕೇಳ್ತಿದ್ದೀನಿ. ಗೊತ್ತಿದ್ದವಳು ನೀನು. ಮತ್ತೆ ಹೇಗೆ ಹೊಲಿದೆ?"

ಅವಳಿಗೂ ಸಿಟ್ಟು ಬಂತು. "ನಿಮ್ಮಪ್ಪ ನನ್ನ ಹಿಂದೆ ಆಳು ಕಳಿಸ್ತಿದ್ರಲ್ಲ, ನಾನು ನಿಮ್ಮನೆಯಿಂದ ಬಟ್ಟೆ ಕೊಟ್ಟು ಬರೋವಾಗ? ಬೀಡಿ ವಾಸನೆಗೇ ನಂಗೆ ಗೊತ್ತಾಗ್ತಿತ್ತು. ಯಾವತ್ತಾದ್ರೂ ಕೇಳಿದ್ನಾ ನಾನು, ಯಾಕೆ ಕಳಿಸ್ತೀರಿ ಅಂತ?"

"ನೀನು ಒಬ್ಬಳೇ ಹೋಗ್ತೀನಿ ಅಂತ ಪಣ ಕಟ್ಟಿರಲಿಲ್ಲ ಜುಬೇದಾ."

"ಪಣ ಅಂತೆ. ನೀನು ಅಲ್ಲಿ ಎಲ್ಲೋ ಬಿದ್ದು ಸತ್ತಿದ್ರೆ ನಾನು ಪಣ ಇಟ್ಕೊಂಡು ಏನು ಮಾಡ್ಬೇಕಿತ್ತು?" ಆಮೇಲೆ ದನಿ ತಗ್ಗಿಸಿದಳು. "ಒಂದಿನ ಅಂತೂ ನಮ್ಮ ಜೀವವೇ ಹೋಗಿತ್ತು. ಮಳೆ ಹೊಡೆದ ಮಾರನೇ ದಿನ. ಫೋನಿನ ಮ್ಯಾಪಲ್ಲಿ ನಿನ್ನ ಚುಕ್ಕಿ ಹೋಟೆಲ್ ಬಿಟ್ಟು ಅಲ್ಲಾಡ್ಲೇ ಇಲ್ಲ. ಮಲಗಿದ್ದೀಯ, ಜ್ವರ ಬಂದಿರ್ಬೇಕು ಅಂತ ರಂಗಣ್ಣ ಆ ಹುಡುಗೀಗೂ ರಜಾ ಕೊಟ್ರು. ಏನಾಗಿತ್ತು ಅವತ್ತು?"

ಬಿಲ್ಲೆ ಎತ್ತಿಕೊಂಡು ಹೊರಗೆ ಬಂದೆ.

ಆ ಬಿಲ್ಲೆಯ ಗುಣ ಏನೆಂದರೆ, ಅದು ಕೆಲಸ ಮಾಡುವುದು ಸುತ್ತ ಜನರ ಫೋನುಗಳಿದ್ದರೆ ಮಾತ್ರ. ಆನೆ ಬರುವ ನನ್ನ ತೋಟದಲ್ಲಿ ಅದು ನಿರ್ಜೀವ. ಮೂಡಿಗೆರೆಯಲ್ಲಿ ಕಳಸದ ಬಸ್ ಹೊರಡಲು ನಿಂತಿತ್ತು, ಕಿಕ್ಕಿರಿದು. ಹತ್ತಿ, ಹಿಂದಿನ ಸೀಟಿನ ಅಡಿ ಬಿಲ್ಲೆ ಸಿಕ್ಕಿಸಿ, ಇಳಿದು ಮನೆಗೆ ಬಂದು ಫೋನ್ ಆಫ್ ಮಾಡಿದೆ. ಮಾರನೇ ದಿನ ರಂಗನ ಜೀಪು ನನ್ನ ಚುಕ್ಕಿಯನ್ನು ಹಿಂಬಾಲಿಸಿ ಘಾಟಿ ರಸ್ತೆಯುದ್ದಕ್ಕೂ ಹೋಯಿತು. ಅಕ್ಕ ಸಂಸಾರ ಬಿಟ್ಟು ಹೊರನಾಡಿಗೆ ಹೊರಟಳು ಎಂದು ಸರೋಜ ಹರಕೆ ಹೊತ್ತಳಂತೆ. ಕಳಸದಲ್ಲಿ ಊಟ ಮಾಡುತ್ತಿದ್ದ ಕಂಡಕ್ಟರನ್ನು ಹಿಡಿದು ರಂಗ, "ನನ್ನ ಅಕ್ಕ ಎಲ್ರೀ" ಎಂದು ಕೇಳಿದ. ಕಂಡಕ್ಟರು ತಮ್ಮ ತಟ್ಟೆಯನ್ನೊಮ್ಮೆ ನೋಡಿಕೊಂಡರಂತೆ.

ಇದರಿಂದ ನನಗೆ ಸಂತೋಷವಾಯಿತೇ ಎಂದರೆ, ಒಂದು ಊಟದಷ್ಟು ಹೊತ್ತು ಆಯಿತು. ಆಮೇಲೆ ಉಳಿದದ್ದು ಬೇರೆ. ಆ ಮೊದಲ ಬೆಳಿಗ್ಗೆ ನಾನು ನಿಜಕ್ಕೂ ಆ ರಸ್ತೆ ದಾಟಬಲ್ಲವಳಾಗಿದ್ದೆನೋ ಇಲ್ಲವೋ. ಲಿನ್ ಬಾರದಿದ್ದರೆ ಇನ್ನೊಂದು ಸ್ವಲ್ಪ ಹೊತ್ತಿಗೆ ಕಾಲು ತಾನೇ ಏಳುತ್ತಿತ್ತೋ ಏನೋ. ಅದನ್ನು ತಿಳಿಯಲೆಂದೇ ನಾನು ಅಷ್ಟು ದೂರ ಹೋಗಿದ್ದು. ಅವರು ಉತ್ತರ ಬರುವ ಮೊದಲೇ ಉತ್ತರಪತ್ರಿಕೆ ತಿದ್ದಿಬಿಟ್ಟರು, ಪ್ರೀತಿಯಿಂದಲೇ. ಕೈ ಸವರಿದ ಆ ಹುಡುಗಿಯೂ ಡ್ಯೂಟಿಯ ಮೇಲೆ ಸವರಿದ್ದು. ದ್ವೇಷದಿಂದ ಮಾಡಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಪ್ರೀತಿಯ ಮೋಸಕ್ಕೆ ದೂರು ಕೊಡುವ ಠಾಣೆ ಇಲ್ಲ.

ಮಹಡಿ ರೂಮಿನ ವಿಷಯ ಅಲ್ಲಿಗೆ ನಿಂತಿತ್ತು. ನಾನು ಜಾವಳಿಯಲ್ಲೇ ಉಳಿದೆ. ಆದರೆ ಈ ವರ್ಷ ಮತ್ತೆ ಹಲಸು ಬಿಟ್ಟಿದೆ, ಮತ್ತೆ ಆನೆ ಬಂದಿದೆ, ಮತ್ತೆ ರಂಗನ ಫೋನು. "ಹೋದ ಸಲದ್ದು ಲೆಕ್ಕಕ್ಕಿಲ್ಲ ಅಕ್ಕ. ಒಂದಿನಾನೂ ನೀನು ಅಲ್ಲಿ ಒಬ್ಬಳೇ ಇರಲಿಲ್ಲವಲ್ಲ. ಒಪ್ಪಿಕೋ. ಪಂದ್ಯ ನಾನು ಗೆದ್ದ ಹಾಗೇ."

ಆ ಫೋನು ಬಂದ ಮಾರನೇ ದಿನವೇ ನಾನು ಆ ಅಂಗಡಿಯ ಮುಂದೆ ಉಸಿರೆಳೆದುಕೊಂಡದ್ದು. ಮೆಟ್ಟಿಲು ಹತ್ತಿದೆ. ಜುಬೇದಾಗೆ ಕನ್ನಡಕ ಬಂದಿದೆ. ನನ್ನ ರವಿಕೆಯ ತೋಳನ್ನು ಮೊದಲು ನೋಡಿದಳು, ಮುಖವನ್ನು ಆಮೇಲೆ.

"ಯಾರು ಹೊಲಿದ್ರು ಇದನ್ನ? ಗೋಣಿಚೀಲ ಹೊಲಿಯೋರಾ?"

ಚೀಲದಿಂದ ಹೊಸ ಒಳಲಂಗ ತೆಗೆದು ಮೆಷಿನ್ನಿನ ಮೇಲಿಟ್ಟೆ. "ಒಂದು ಜೇಬು ಹಾಕಿಕೊಡು. ಹೋದ ಸಲದ ಹಾಗೆ."

"ಎಲ್ಲಿಗೆ ಹೊರಟೆ?"

"ಹೇಳದಿರೋದೇ ಕಾವಲು ಅಂತ ನೀನೇ ಕಲಿಸಿದ್ದು."

"ಬಿಟ್ಟು ಹೋಗು, ನಾಡಿದ್ದು ಕೊಡ್ತೀನಿ."

"ಇಲ್ಲ. ನೀನು ಹೊಲಿ. ನಾನಿಲ್ಲೇ ಕೂತು ನೋಡ್ತೀನಿ."

ಅವಳ ಮುಖ ಒಂದಿಷ್ಟು ಬಾಡಿತು. ನಾನು ಸ್ಟೂಲ್ ಎಳೆದುಕೊಂಡು ಸೂಜಿಯ ಎದುರಿಗೇ ಕೂತೆ. ನಲವತ್ತು ವರ್ಷ ಅವಳಿಗೆ ಬಟ್ಟೆ ಬಿಸಾಕಿ ಹಿಂದಿರುಗಿ ನೋಡದೆ ಹೋದವಳು ಈಗ ಹೊಲಿಗೆ ಹೊಲಿಗೆಯನ್ನೂ ನೋಡಿದೆ. ಮುಗಿಸಿ, ಜೇಬನ್ನು ಒಳಮೈ ಹೊರಗೆ ಮಾಡಿ, ಎರಡೂ ಪದರವನ್ನು ಬೆಳಕಿಗೆ ಹಿಡಿದು ತೋರಿಸಿ ಕೊಟ್ಟಳು. ಕೊಡುತ್ತ, ತಲೆ ಎತ್ತದೆ, ಮತ್ತೆ ಕೇಳಿದಳು: "ಆ ಮಳೆ ಮಾರನೇ ದಿನ ಏನಾಗಿತ್ತು ಅಂತ ಇವತ್ತಿಗೂ ಹೇಳ್ಲಿಲ್ಲ ನೀನು."

"ಹೊಟ್ಟೆ ಸರಿ ಇರ್ಲಿಲ್ಲ."

"ಅಷ್ಟೇನಾ?"

"ಅಷ್ಟೇ."

ಬಸ್ಸಿನಲ್ಲಿ ಕೂತು ಜೇಬಿನ ಅಂಚನ್ನು ಹೆಬ್ಬೆರಳಿನಿಂದ ಪೂರ್ತಿ ತಡಕಿದೆ. ಏನೂ ಇರಲಿಲ್ಲ. ಕಣ್ಣೆದುರೇ ಹೊಲಿಸಿದ್ದನ್ನು ಮತ್ತೆ ತಡಕುವ ಈ ಹೆಬ್ಬೆರಳು ನನಗೆ ಅವರೆಲ್ಲ ಸೇರಿ ಕೊಟ್ಟದ್ದು. ಇನ್ನು ಇದು ಹೋಗುವುದಿಲ್ಲ.

ಇದನ್ನು ಜುಬೇದಾ ಓದುತ್ತಾಳೆ. ಓದಿ ರಂಗನಿಗೆ ಫೋನ್ ಮಾಡುತ್ತಾಳೆ. ಆದ್ದರಿಂದ ಇಬ್ಬರಿಗೂ ಒಟ್ಟಿಗೆ ಹೇಳುತ್ತೇನೆ. ಮಳೆ ಹೊಡೆದ ಮಾರನೇ ದಿನ ಆ ಒಳಲಂಗ ಒಣಗಿರಲಿಲ್ಲ. ಇಡೀ ದಿನ ಹೋಟೆಲಿನ ಕಿಟಕಿಯಲ್ಲಿ ಅದು ಶಾಂತವಾಗಿ ನೇತಾಡುತ್ತಿತ್ತು. ನಾನು ಹಳೆಯ ಲಂಗ ಉಟ್ಟು, ಬೆಳಕು ಹರಿಯುತ್ತಲೇ ಹೊರಟು, ಮಾರ್ಕೆಟ್ ಮುಂದಿನ ಅದೇ ರಸ್ತೆಯನ್ನು ದಾಟಿದೆ. ಪಕ್ಕದಲ್ಲಿ ಯಾರೂ ಇರಲಿಲ್ಲ, ಹಿಂದೆಯೂ ಇರಲಿಲ್ಲ. ಬೈಕುಗಳು ಸುತ್ತಿಕೊಂಡು ಹೋದವು. ಸಂಜೆ ಮಳೆ ನಿಂತ ಮೇಲೆ ವಾಪಸ್ ಬಂದೆ.

ಎಲ್ಲಿಗೆ ಹೋಗಿದ್ದೆ ಎಂದು ಹೇಳುವುದಿಲ್ಲ.